ಆಕ್ಷೇಪ ಬಾರದಿದ್ದಲ್ಲಿ

ಘೋಷಣೆಯ ಹದಿನೇಳನೆಯ ಕರಡಿನ ಮೂರನೆಯ ಅನುಬಂಧದಲ್ಲಿದ್ದ ‘ಯಾರೂ’ ಎಂಬ ಪದ ಬೆಳಗಿನಿಂದ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಮುಖ ತೊಳೆಯುವಾಗ ಇತ್ತು, ಬೂಟಿನ ದಾರ ಕಟ್ಟುವಾಗ ಇತ್ತು, ಈಗ ಕಚೇರಿಯ ಮೆಟ್ಟಿಲ ಮೇಲೆ ನಿಂತು ವ್ಯಾನಿಗಾಗಿ ಕಾಯುವಾಗಲೂ ಇತ್ತು. ‘ಈ ಮಹಿಳೆಗೆ ತನ್ನವರು ಎನ್ನುವವರು ಯಾರೂ ಇಲ್ಲ.’ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಅವನ ವಾಕ್ಯಗಳಲ್ಲಿ ತಪ್ಪಿರುವುದಿಲ್ಲ, ಆ ಒಂದು ಕಾರಣಕ್ಕಾಗಿಯೇ ಹವಾಮಾನ ಒಕ್ಕೂಟ ಅವನನ್ನು ಇಟ್ಟುಕೊಂಡಿದ್ದು. ಹನ್ನೊಂದು ಪರಿಸರ ಸಂಘಗಳು, ಹದಿನಾಲ್ಕು ಸೇವಾಸಂಸ್ಥೆಗಳು, ಒಟ್ಟು ಇಪ್ಪತ್ತೈದು ಬಾಯಿಗಳಿಂದ ಹೊರಡುವ ಮಾತನ್ನು ಒಂದೇ ಬಾಯಿಂದ ಬಂದಹಾಗೆ ಬರೆಯುವುದು ಅವನ ಕಸುಬು. ಎಲ್ಲರೂ ಅವನನ್ನು ಕರಡುಗಾರ ಎನ್ನುತ್ತಿದ್ದರು; ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಇವತ್ತು ಹತ್ತೂವರೆಗೆ ಒಕ್ಕೂಟದ ಘೋಷಣಾ ಸಭೆ. ಅಲ್ಲಿ ಆ ಅನುಬಂಧವನ್ನು ಓದುವವರಿದ್ದರು, ಓದುವಾಗ ಆ ಮಹಿಳೆಯೂ ವೇದಿಕೆಯ ಮೇಲೆ ಕೂತಿರುವವಳಿದ್ದಳು. ತೊಂದರೆ ಇದ್ದದ್ದು ಒಂದೇ: ಯಾರೂ ಇಲ್ಲದ ಆ ಮಹಿಳೆ ಅವನ ಸ್ವಂತ ಅಕ್ಕ.

ಇದು ಒಕ್ಕೂಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಮತ್ತೆ ಆ ಪದ ಬಂತು ಎಂದು ಅವನಿಗೆ ತನ್ನ ಮೇಲೇ ರೇಗಿತು.

ಒಕ್ಕೂಟ ಹುಟ್ಟಿದ್ದು ಪ್ರೀತಿಯಿಂದಲ್ಲ, ಒಬ್ಬರ ಹತ್ತಿರ ಇದ್ದದ್ದು ಇನ್ನೊಬ್ಬರ ಹತ್ತಿರ ಇಲ್ಲದ್ದರಿಂದ. ಪರಿಸರದವರ ಹತ್ತಿರ ಅಂಕಿಅಂಶಗಳಿದ್ದವು, ಜನರಿರಲಿಲ್ಲ. ಅವರು ಕರೆದ ಮೆರವಣಿಗೆಗೆ ಅವರವರ ಹೆಂಡತಿ ಮಕ್ಕಳೂ ಬರುತ್ತಿರಲಿಲ್ಲ. ಸೇವೆಯವರ ಹತ್ತಿರ ಜನರಿದ್ದರು, ಸಾಲುಗಟ್ಟಿ ನಿಲ್ಲಿಸಿದರೆ ಬೀದಿ ತುದಿಯವರೆಗೆ ನಿಲ್ಲುವಷ್ಟು. ಆದರೆ ಅವರಿಗೆ ಹಂಚಿ ಹಂಚಿ ಬೇಸರ ಬಂದು ಏನಾದರೂ ದೊಡ್ಡದು ಮಾಡಬೇಕೆಂಬ ಆಸೆ ಹುಟ್ಟಿತ್ತು. ಬಡವರು ಬೇಕಾದವರಿಗೂ ಭವಿಷ್ಯ ಬೇಕಾದವರಿಗೂ ಗಂಟು ಬಿತ್ತು. ಪರಿಸರದವರ ಮುಖಂಡರು ಕಪ್ಪೆ ಡಾಕ್ಟರು. ಮೂವತ್ತು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಪ್ಪೆಗಳ ಕೂಗನ್ನು ಎಣಿಸಿ ಡಾಕ್ಟರೇಟ್ ಗಳಿಸಿದವರು. ಮನುಷ್ಯರು ಮಾತಾಡುವಾಗಲೂ ಅವರು ತಲೆ ವಾಲಿಸಿ, ಇದು ಯಾವ ಜಾತಿಯದಿರಬಹುದು ಎನ್ನುವಂತೆ ಕೇಳಿಸಿಕೊಳ್ಳುತ್ತಿದ್ದರು. ಸೇವೆಯವರ ಮುಖಂಡರು ಕಂಬಳಿ ಮೇಡಂ. ಅವರ ಸಂಸ್ಥೆ ನಲವತ್ತು ಚಳಿಗಾಲ ಬೀದಿಯಲ್ಲಿ ಮಲಗುವವರಿಗೆ ಕಂಬಳಿ ಹೊದಿಸಿ ಹೆಸರು ಮಾಡಿತ್ತು. ಈಚೆಗೆ ಚಳಿಯೇ ಬಾರದೆ ಕಂಬಳಿಗಳು ಗೋದಾಮಿನಲ್ಲಿ ನುಸಿ ಹಿಡಿಯತೊಡಗಿದಾಗ ಮೇಡಂ ಹವಾಮಾನದ ಕಡೆ ಮುಖ ಮಾಡಿದರು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಅವರಷ್ಟು ಪ್ರಾಮಾಣಿಕವಾಗಿ ನೊಂದವರು ಇಡೀ ಒಕ್ಕೂಟದಲ್ಲಿ ಇನ್ನೊಬ್ಬರಿರಲಿಲ್ಲ.

ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೊದಲ ಕರಡಿನಲ್ಲಿ ‘ಕಲ್ಲಿದ್ದಲು ಸ್ಥಾವರವನ್ನು ಮುಚ್ಚಬೇಕು’ ಎಂದಿತ್ತು. ಮುಚ್ಚಿದರೆ ಅಲ್ಲಿನ ಕೂಲಿಯವರು ಎಲ್ಲಿಗೆ ಹೋಗಬೇಕು ಎಂದು ಮೇಡಂ ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು, ಆ ಸ್ಥಾವರದವರು ಪ್ರತಿ ವರ್ಷ ಅವರಿಗೆ ಕಂಬಳಿ ಕೊಡಿಸುತ್ತಿದ್ದರೆಂಬುದು ಬೇರೆ ಮಾತು. ನಾಲ್ಕನೆಯ ಕರಡಿನಲ್ಲಿ ‘ಹಂತ ಹಂತವಾಗಿ ಮುಚ್ಚಬೇಕು’ ಎಂದಾಯಿತು. ಒಂಬತ್ತನೆಯದರಲ್ಲಿ ‘ಮುಚ್ಚುವ ಕುರಿತು ಆಲೋಚಿಸಬೇಕು.’ ಹದಿಮೂರನೆಯದರಲ್ಲಿ ‘ಅಂಥ ಆಲೋಚನೆಗೆ ಪೂರಕವಾದ ವಾತಾವರಣವನ್ನು ನಿರ್ಮಿಸಬೇಕು.’ ವಾತಾವರಣ ಎಂಬ ಪದ ಬಂದದ್ದಕ್ಕೆ ಕಪ್ಪೆ ಡಾಕ್ಟರಿಗೂ ಸಮಾಧಾನವಾಯಿತು. ಕರಡುಗಾರನಿಗೆ ತನ್ನ ಕೈಚಳಕದ ಬಗ್ಗೆ ಹೆಮ್ಮೆ ಇತ್ತು. ಅದಕ್ಕಿಂತ ಹೆಚ್ಚು ಹೆಮ್ಮೆ ಇದ್ದದ್ದು ಅವನೇ ಕಂಡುಹಿಡಿದ ಒಂದು ಸಾಲಿನ ಬಗ್ಗೆ. ಮೊದಲ ಮೂರು ತಿಂಗಳು ಇಪ್ಪತ್ತೈದು ಸಂಸ್ಥೆಗಳ ಒಪ್ಪಿಗೆ ಸಹಿಗಾಗಿ ಅಲೆದು ಅವನ ಚಪ್ಪಲಿ ಸವೆದಿದ್ದವು. ಆಮೇಲೆ ಪ್ರತಿ ಕರಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕತೊಡಗಿದ: ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಆಕ್ಷೇಪ ಬಾರದಿದ್ದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು. ಅಲ್ಲಿಂದ ಒಕ್ಕೂಟದ ಕೆಲಸ ಹೂವೆತ್ತಿದ ಹಾಗೆ ಸಾಗಿತು. ಇಪ್ಪತ್ತೈದು ಸಂಸ್ಥೆಗಳೂ ಬೇರೆ ಕೆಲಸದಲ್ಲಿ ಮುಳುಗಿರುತ್ತಿದ್ದುದರಿಂದ ಭೂಮಿಯ ಭವಿಷ್ಯದ ಬಗ್ಗೆ ಅಪೂರ್ವವಾದ ಒಮ್ಮತ ಏರ್ಪಟ್ಟಿತು.

ಒಮ್ಮತ ಸಾಲದು, ಒಂದು ಮುಖ ಬೇಕು ಎಂದವರು ಮೇಡಂ. ಸರ್ಕಾರದ ಇಲಾಖೆಯವರು ಅಂಕಿಗಳನ್ನು ನೋಡಿ ನಿದ್ದೆ ಮಾಡುತ್ತಾರೆ, ಅವರ ಕಣ್ಣೆದುರು ಬಿಸಿಲಿನಲ್ಲಿ ಬೆಂದ ಒಬ್ಬ ಜೀವವನ್ನು ಕೂರಿಸಬೇಕು. ಜೀವಗಳನ್ನು ಒದಗಿಸುವುದು ಸೇವೆಯವರ ಪಾಲಿನ ಕೆಲಸ, ಒಪ್ಪಂದದಲ್ಲಿ ಹಾಗೆಂದೇ ಇತ್ತು. ಅವರು ಮೂವರನ್ನು ತಂದರು. ಮೊದಲನೆಯವನು ಗಾರೆ ಕೆಲಸದವನು, ಬರೆದದ್ದನ್ನು ಮೊದಲು ತನಗೆ ಓದಿ ಹೇಳಬೇಕೆಂದು ಹಟ ಹಿಡಿದ. ಇಂಥವರಿಂದ ತೊಂದರೆಯೇ ಹೆಚ್ಚು ಎಂದು ಅವನನ್ನು ಕಳಿಸಿದರು. ಎರಡನೆಯವಳು ತರಕಾರಿ ಮಾರುವ ಮುದುಕಿ. “ಬಿಸಿಲಿಗೇನು, ಬರುತ್ತೆ ಹೋಗುತ್ತೆ. ನಮ್ಮನೆ ಮಾಲೀಕ ಇದಾನಲ್ಲ, ಅವನು ಹೋಗಲ್ಲ. ಅವನ ಮೇಲೆ ಬರ್ಕೊಳ್ಳಿ” ಎಂದಳು. ಹವಾಮಾನಕ್ಕೂ ಮನೆ ಮಾಲೀಕನಿಗೂ ಇರುವ ನಂಟನ್ನು ಘೋಷಣೆಯಲ್ಲಿ ಎಲ್ಲಿ ಸೇರಿಸುವುದೆಂದು ತಿಳಿಯದೆ ಅವಳನ್ನೂ ಬಿಟ್ಟರು. ಮೂರನೆಯವನು ಒಪ್ಪಿದ, ಆದರೆ ದಷ್ಟಪುಷ್ಟವಾಗಿದ್ದ. ಇನ್ನು ಒಂಬತ್ತು ದಿನ ಉಳಿದಿದ್ದಾಗ ಕರಡುಗಾರ, “ನನಗೊಬ್ಬರು ಮಹಿಳೆ ಗೊತ್ತು” ಎಂದ. ಗೊತ್ತು ಎಂದನೇ ಹೊರತು ಹೇಗೆ ಗೊತ್ತು ಎನ್ನಲಿಲ್ಲ. ಯಾರೂ ಕೇಳಲೂ ಇಲ್ಲ.

ಬರೆಯಲು ಕೂತಾಗ ಅವನು ಒಂದಕ್ಷರವನ್ನೂ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ, ಅದೇ ಅವನಿಗೆ ಭಯ ತಂದದ್ದು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದಿದ್ದಳು. ಮಹಡಿ ಮೆಟ್ಟಿಲಿಗೆ ತಗುಲಿಸಿ ತಗಡು ಹೊದಿಸಿದ ಕೋಣೆ, ಎರಡು ಹೆಜ್ಜೆ ಅಗಲ, ನಾಲ್ಕು ಹೆಜ್ಜೆ ಉದ್ದ. ಅದರೊಳಗೆ ಕೆಂಡ ತುಂಬಿದ ಪೆಟ್ಟಿಗೆ, ನರ್ಸಿಂಗ್ ಹೋಮಿನ ಬಿಳಿ ಹಾಸಿಗೆಬಟ್ಟೆಗಳ ರಾಶಿ, ಒಬ್ಬ ಹೆಂಗಸು. ಆ ದಿನ ಕರಡುಗಾರ ನಗರದ ಇನ್ನೊಂದು ತುದಿಯಲ್ಲಿ ‘ಬಿಸಿಲಿನ ಅಲೆ ಮತ್ತು ನೆರೆಹೊರೆಯ ಹೊಣೆ’ ಎಂಬ ಕಮ್ಮಟದಲ್ಲಿದ್ದ. ಎಲ್ಲರೂ ಮನಸ್ಸಿಟ್ಟು ಭಾಗವಹಿಸಲೆಂದು ಬಾಗಿಲಲ್ಲೇ ಫೋನುಗಳನ್ನು ಒಂದು ಬಿದಿರಿನ ಬುಟ್ಟಿಯಲ್ಲಿ ಇಡಿಸಿಕೊಂಡಿದ್ದರು. ಬುಟ್ಟಿಯಲ್ಲಿ ಅವನ ಫೋನು ಹನ್ನೊಂದು ಸಲ ಅದುರಿತ್ತು. ಎದುರಿನ ಟೈಲರ್ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ. ಸಂಜೆ ಕರಡುಗಾರ ಹೋದಾಗ ಅವಳು ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು, ಮತ್ತು ತನ್ನ ಮೈಕೆಳಗಿನ ಹಾಸಿಗೆಬಟ್ಟೆ ಸರಿಯಾಗಿ ಇಸ್ತ್ರಿಯಾಗಿಲ್ಲವೆಂದು ಸವರಿ ನೋಡುತ್ತಿದ್ದಳು. “ಊಟ ಮಾಡಿದ್ಯಾ?” ಎಂದು ಅವನನ್ನೇ ಕೇಳಿದಳು. ಕಮ್ಮಟದಲ್ಲಿ ಊಟ ಚೆನ್ನಾಗಿತ್ತು. ಹೂಂ ಎಂದ.

ಅನುಬಂಧದ ಮೊದಲ ರೂಪದಲ್ಲಿ ಅವನು ‘ಬಂಧುವೊಬ್ಬರು ಇದೇ ನಗರದಲ್ಲಿದ್ದರೂ ಸಮಯಕ್ಕೆ ಒದಗಲಿಲ್ಲ’ ಎಂದು ಬರೆದಿದ್ದ. ಅಷ್ಟನ್ನು ಬರೆಯಲು ಎರಡು ಗಂಟೆ ಹಿಡಿದಿತ್ತು. ಬರೆದ ಮೇಲೆ ತಪ್ಪೊಪ್ಪಿಕೊಂಡವನ ಹಾಗೆ ಮೈ ಹಗುರಾಗಿ ಒಂದು ಕಪ್ ಚಹಾ ಕುಡಿದು ಬಂದಿದ್ದ. ಮಾರನೆಯ ದಿನ ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದರು: ‘ಬಂಧು ಇದ್ದರೆ ಇಲಾಖೆ ಬಂಧುವನ್ನೇ ಹೋಗಿ ಕೇಳು ಎನ್ನುತ್ತದೆ. ಬಂಧು ಬೇಡ. ಯಾರೂ ಇಲ್ಲ ಎಂದು ಹಾಕಿ.’ ಅದರ ಕೆಳಗೆ ಹಸಿರು ಶಾಯಿಯಲ್ಲಿ ಕಪ್ಪೆ ಡಾಕ್ಟರು: ‘ಒಪ್ಪಿಗೆ. ಕೆಂಡವೂ ಬೇಡ, ಹೊಗೆಯ ಪ್ರಶ್ನೆ ಬರುತ್ತದೆ. ಬರೀ ಇಸ್ತ್ರಿ ಎಂದು ಸಾಕು.’ ಎಂಟು ತಿಂಗಳಲ್ಲಿ ಕೆಂಪೂ ಹಸಿರೂ ಒಂದೇ ಕಡೆ ಒಪ್ಪಿದ್ದು ಅದೇ ಮೊದಲು. ಒಕ್ಕೂಟದ ಐತಿಹಾಸಿಕ ಕ್ಷಣ ತನ್ನ ಅಕ್ಕನ ಮೈಮೇಲೆ ನಡೆದುಹೋದದ್ದನ್ನು ಕರಡುಗಾರ ಕೂತು ನೋಡಿದ. ಪೆಟ್ಟಿಗೆಯಿಂದ ಕೆಂಡ ಹೋಯಿತು, ಚಿತ್ರದಿಂದ ಪೆಟ್ಟಿಗೆಯೇ ಹೋಯಿತು, ವಾಕ್ಯದಿಂದ ತಮ್ಮ ಹೋದ. ಬುಧವಾರ ಹನ್ನೆರಡರವರೆಗೆ ಸಮಯವಿತ್ತು. ಆ ಬೆಳಿಗ್ಗೆ ಅವನು ಕಿಟಕಿಯ ಹಲ್ಲಿಯನ್ನು ನೋಡಿದ, ಪೆನ್ನಿನ ಮುಚ್ಚಳ ಕಚ್ಚಿದ, ಹನ್ನೊಂದೂವರೆಗೆ ಒಮ್ಮೆ ಕೆಮ್ಮಿದ. ಹನ್ನೆರಡಾಯಿತು. ತನ್ನ ಒಪ್ಪಿಗೆಯೂ ಇದೆಯೆಂದು ಭಾವಿಸಿಕೊಂಡ. ಅಲ್ಲದೆ, ಹೋದ ಬೇಸಿಗೆಯ ಆ ಮಧ್ಯಾಹ್ನದ ಮಟ್ಟಿಗೆ ನೋಡಿದರೆ ತಿದ್ದುಪಡಿಯ ನಂತರವೇ ವಾಕ್ಯ ಹೆಚ್ಚು ಸತ್ಯವಾಗಿತ್ತು. ಸತ್ಯವಾದದ್ದಕ್ಕೆ ಆಕ್ಷೇಪ ಎತ್ತುವುದು ಹೇಗೆ ಎಂದು ಅವನು ತನ್ನನ್ನೇ ಕೇಳಿಕೊಂಡ, ಉತ್ತರ ಗೊತ್ತಿರುವವನು ಕೇಳುವ ಹಾಗೆ.

ಅಕ್ಕನ ಒಪ್ಪಿಗೆಯನ್ನೂ ಅವನು ಪಡೆದಿದ್ದ, ಅದೇ ಪದ್ಧತಿಯಲ್ಲಿ. ಭಾನುವಾರ ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಒಳಗೆ ಇಬ್ಬರಿಗೆ ಜಾಗವಿರಲಿಲ್ಲ. ಚಿಕ್ಕವನಿದ್ದಾಗ ಅವನು ಮೇಜಿನ ಕೆಳಗೆ ಕೂರುತ್ತಿದ್ದ, ಈಗ ಅಲ್ಲಿ ಹಿಡಿಸುತ್ತಿರಲಿಲ್ಲ. ಅವಳು ನೀರು ಚಿಮುಕಿಸಿ ಒಂದು ತೋಳಿನ ಮಡಿಕೆ ಬಿಡಿಸುತ್ತಿದ್ದಳು. “ಅಕ್ಕ, ಬರೋ ಶುಕ್ರವಾರ ಒಂದು ಸಭೆ ಇದೆ. ನೀನು ಬಂದು ಸುಮ್ನೆ ಕೂತಿದ್ರೆ ಸಾಕು. ವ್ಯಾನಲ್ಲಿ ಕರ್ಕೊಂಡು ಹೋಗ್ತಾರೆ.”

“ನಾನ್ಯಾಕೋ?”

“ಬಿಸಿಲಿಂದ ತೊಂದ್ರೆ ಆದವರು ಬೇಕಂತೆ. ನಿನಗಾಗಿತ್ತಲ್ಲ ಹೋದ್ಸಲ. ಅದನ್ನ ಸ್ವಲ್ಪ ಬರ್ದಿದೀವಿ. ಓದ್ತಾರೆ.”

“ಯಾರು ಬರ್ದಿದ್ದು? ನೀನಾ?”

“ನಾನೇ.”

ಅವಳ ಮುಖದಲ್ಲಿ ಆಗ ಬಂದದ್ದನ್ನು ಅವನು ಗಮನಿಸದಂತೆ ಆಚೆ ತಿರುಗಿದ. ಅವಳಿಗೆ ಸಂತೋಷವಾಗಿತ್ತು. ತನ್ನ ತಮ್ಮ ತನ್ನ ಬಗ್ಗೆ ಬರೆದಿದ್ದಾನೆ. ಓದಿ ಹೇಳು ಎನ್ನುತ್ತಾಳೇನೋ ಎಂದು ಅವನು ಕಾದ. ಕಾಗದ ಜೇಬಿನಲ್ಲೇ ಇತ್ತು. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಕೆಂಡಕ್ಕೆ ಗಾಳಿ ಹಾಕಿದಳು. “ಏನೂ ಆಕ್ಷೇಪ ಇಲ್ಲ ತಾನೇ?” ಎಂದ. “ಹೋಗೋ, ಆಕ್ಷೇಪ ಅಂತೆ ಆಕ್ಷೇಪ” ಎಂದು ಅವಳು ನಕ್ಕಳು. ಅವನು ಅದನ್ನು ಒಪ್ಪಿಗೆಯ ಖಾನೆಗೆ ಹಾಕಿಕೊಂಡು ಬಂದ. ಗಾರೆ ಕೆಲಸದವನು ಕೇಳಿದಂತೆ ಅವಳೂ ಕೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು, ಕೇಳದಿದ್ದದ್ದು ಅವಳ ತಪ್ಪು ಎಂದು ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟು ಮಾಡಿಕೊಂಡು ನಡೆದ.

ಇವತ್ತು ವ್ಯಾನಿನಲ್ಲಿ ಹೇಳಿಬಿಡುವುದೆಂದು ಅವನು ನಿರ್ಧರಿಸಿದ್ದ. ಇಪ್ಪತ್ತು ನಿಮಿಷದ ದಾರಿ, ಅವಳೊಬ್ಬಳೇ ಇರುತ್ತಾಳೆ, ಡ್ರೈವರ್ ಮುಂದೆ ಇರುತ್ತಾನೆ. ಹೀಗೆ ಹೀಗೆ ಅಕ್ಕ, ಬರವಣಿಗೆಯಲ್ಲಿ ಹೀಗೆ ಮಾಡಬೇಕಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ವ್ಯಾನು ಬಂದು ನಿಂತಾಗ ಮುಂದಿನ ಸೀಟಿನಲ್ಲಿ ಕಂಬಳಿ ಮೇಡಂ ಕೂತಿದ್ದರು. ಫಲಾನುಭವಿಗಳನ್ನು ಕರೆತರುವಾಗ ತಾವೇ ಹೋಗುವುದು ಅವರ ಸಂಸ್ಥೆಯ ಸಂಪ್ರದಾಯವಂತೆ, ಅದರಿಂದ ಅವರಿಗೆ ಧೈರ್ಯ ಬರುತ್ತದಂತೆ. ಕರಡುಗಾರ ಹಿಂದಿನ ಸೀಟು ಹತ್ತಿದ. ಬೀದಿಯ ತಿರುವಿನಲ್ಲಿ ಅಕ್ಕ ಮೊದಲೇ ಬಂದು ನಿಂತಿದ್ದಳು. ಹೆಂಗಸರೆಲ್ಲ ಒಳ್ಳೆಯ ಸಮಾರಂಭಕ್ಕೆ ತೆಗೆದಿಡುವಂಥ ನೀಲಿ ಸೀರೆ, ಅದರ ಒಂದೊಂದು ನೆರಿಗೆಯೂ ಚಾಕುವಿನ ಹಾಗೆ ಇಸ್ತ್ರಿಯಾಗಿತ್ತು. ಮೇಡಂ ಕನ್ನಡಕದ ಮೇಲಿನಿಂದ ನೋಡಿ, “ಸ್ವಲ್ಪ ಚೆನ್ನಾಗೇ ಬಂದ್ಬಿಟ್ಟಿದಾಳಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು. ಅಕ್ಕ ಬಾಗಿಲೊಳಗೆ ಇಣುಕಿದಳು, ತಮ್ಮನನ್ನು ಕಂಡಳು, ಮುಖ ಅರಳಿತು, ಬಾಯಿ ತೆರೆಯಿತು. ಆ ಬಾಯಿಂದ ಅವನನ್ನು ಮನೆಯಲ್ಲಿ ಕರೆಯುವ ಹೆಸರು ಬರುವುದರೊಳಗೆ ಅವನು ಎದ್ದು ಕೈ ಚಾಚಿ, ತಾನೂ ನಿರೀಕ್ಷಿಸಿರದಷ್ಟು ಗಟ್ಟಿಯಾಗಿ, “ಬನ್ನಿ ಅಮ್ಮ, ಹುಷಾರಾಗಿ ಹತ್ತಿ” ಎಂದ.

ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲಿತ್ತು. ಅಷ್ಟೇ ಹೊತ್ತು ಅವಳು ನಿಂತದ್ದು. ಆಮೇಲೆ ಅವನ ಕೈ ಹಿಡಿಯದೆ ಕಂಬಿ ಹಿಡಿದು ಹತ್ತಿ ಕಿಟಕಿಯ ಪಕ್ಕ ಕೂತಳು. ಮೇಡಂ ಹಿಂತಿರುಗಿ, ಕಿವುಡರೊಡನೆ ಮಾತಾಡುವ ಹಾಗೆ ಒಂದೊಂದೇ ಪದ ಬಿಡಿಸಿ, “ತಿಂಡಿ, ಆಯ್ತಾ, ಅಮ್ಮ?” ಎಂದರು. “ಆಯ್ತು” ಎಂದಳು ಅಕ್ಕ. “ಹೆದರ್ಕೋಬೇಡಿ. ನಾವೆಲ್ಲ, ಇದೀವಿ, ನಿಮಗೆ.” ಅಕ್ಕ ತಲೆಯಾಡಿಸಿದಳು. ದಾರಿಯುದ್ದಕ್ಕೂ ಅವಳು ಅವನ ಕಡೆ ನೋಡಲಿಲ್ಲ. ಸಿಟ್ಟಿಗೆ ಹಾಗೆ ಮಾಡುತ್ತಿದ್ದಾಳೆಯೇ ಅಥವಾ ತಾನು ಮಾಡಿದ್ದನ್ನು ಅರ್ಥಮಾಡಿಕೊಂಡು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತಿದ್ದಾಳೆಯೇ ಎಂದು ಅವನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೆ ತನಗೆ ಅನುಕೂಲ ಎಂದು ಲೆಕ್ಕ ಹಾಕುತ್ತಿರುವುದು ಅರಿವಾದಾಗ ಅವನಿಗೆ ನಾಚಿಕೆಯಾಯಿತು, ಮತ್ತು ನಾಚಿಕೆಯಾದದ್ದಕ್ಕೆ ಸ್ವಲ್ಪ ಸಮಾಧಾನವೂ ಆಯಿತು. ನಾಚಿಕೆ ಇನ್ನೂ ಉಳಿದಿದೆ ಎಂದಾಯಿತಲ್ಲ.

ಸಭಾಂಗಣ ಹಿಮದ ಹಾಗಿತ್ತು. ಒಕ್ಕೂಟದವರು ಎ.ಸಿ. ಬೇಡವೆಂದು ಮೊದಲೇ ಪತ್ರ ಬರೆದಿದ್ದರು, ಸಭಾಂಗಣದವರು ಗುಂಡಿ ತಮ್ಮ ಕೈಯಲ್ಲಿಲ್ಲ, ಇಡೀ ಕಟ್ಟಡಕ್ಕೆ ಒಂದೇ ಎಂದು ಉತ್ತರಿಸಿದ್ದರು, ಆ ಉತ್ತರಕ್ಕೆ ಯಾರೂ ಆಕ್ಷೇಪ ಕಳಿಸಿರಲಿಲ್ಲ. ವೇದಿಕೆಯ ಮೇಲೆ ಅಕ್ಕನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ತಣ್ಣನೆಯ ಗಾಳಿ ನೇರ ಅವಳ ನೆತ್ತಿಯ ಮೇಲೇ ಬೀಳುತ್ತಿತ್ತು. ಇಪ್ಪತ್ತೈದು ವರ್ಷ ಕೆಂಡದ ಮುಂದೆ ನಿಂತ ಮೈ ಅದು, ಹತ್ತು ನಿಮಿಷದಲ್ಲಿ ನಡುಗತೊಡಗಿತು. ಅವಳು ಸೆರಗನ್ನು ಭುಜದ ಸುತ್ತ ಬಿಗಿದುಕೊಂಡು, ಯಾರಿಗೂ ಕಾಣದಿರಲೆಂದು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಕೆಳಗೆ ಮೊದಲ ಸಾಲಿನಲ್ಲಿ ಕೂತ ಕರಡುಗಾರನಿಗೆ ಕಂಡಿತು. ಅವಳ ತುಟಿ ಬಿಳಿಚುತ್ತಿರುವುದು ಕಂಡಿತು. ಎದ್ದು ಹೋಗಿ ಕುರ್ಚಿಯನ್ನು ಅರ್ಧ ಗಜ ಸರಿಸಿದರೆ ಸಾಕಿತ್ತು. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಅವನಿಗೆ ವೇದಿಕೆ ಹತ್ತುವ ಕೆಲಸ ಇರಲಿಲ್ಲ. ಅಷ್ಟರಲ್ಲಿ ಮೇಡಂ ನೋಡಿದರು, ಅವರ ಕಣ್ಣಿಗೆ ನಲವತ್ತು ಚಳಿಗಾಲದ ಅಭ್ಯಾಸವಿತ್ತು. ಕ್ಷಣದಲ್ಲಿ ವ್ಯಾನಿನಿಂದ ಒಂದು ಕಂಬಳಿ ಬಂತು, ಮೇಡಂ ತಮ್ಮ ಕೈಯಾರೆ ಅದನ್ನು ಅಕ್ಕನಿಗೆ ಹೊದಿಸಿದರು, ಫೋಟೋದವರು ಮೂರು ಕಡೆಯಿಂದ ಮಿಂಚಿಸಿದರು, ಸಭೆ ಚಪ್ಪಾಳೆ ತಟ್ಟಿತು. ಕಪ್ಪೆ ಡಾಕ್ಟರು ಕರಡುಗಾರನ ಕಡೆ ಬಾಗಿ, “ಏನ್ರೀ ಇದು, ಬಿಸಿಲಿನ ಸಂತ್ರಸ್ತೆ ಕಂಬಳಿ ಹೊದ್ಕೊಂಡು ಕೂತಿದಾಳೆ. ನಾಳೆ ಪೇಪರಲ್ಲಿ ಇದೇ ಬಂದ್ರೆ ನಮ್ಮ ಮುಖ ಎಲ್ಲಿಡೋದು? ತೆಗೆಸ್ರೀ” ಎಂದು ಪಿಸುಗುಟ್ಟಿದರು. ಒಕ್ಕೂಟದಲ್ಲಿ ಮತ್ತೆ ಬಿರುಕು ಬಿಡುವುದರಲ್ಲಿತ್ತು. ಕರಡುಗಾರ ಒಂದು ಸೂತ್ರ ಕಂಡುಹಿಡಿದ: ಕಂಬಳಿ ಇರಲಿ, ಆದರೆ ಓದುವ ಹೊತ್ತಿಗೆ ಭುಜದಿಂದ ಜಾರಿಸಿ ಮಡಿಲ ಮೇಲೆ ಇಟ್ಟುಕೊಳ್ಳಲಿ. ಎರಡೂ ಕಡೆಯವರು ಒಪ್ಪಿದರು. ಅಕ್ಕನಿಗೆ ಒಂದು ಚೀಟಿ ಹೋಯಿತು. ಅವಳು ಓದಿ, ಹೇಳಿದಂತೆ ಕಂಬಳಿಯನ್ನು ಜಾರಿಸಿ, ಅದು ಮುದುಡಿದ್ದು ನೋಡಲಾರದೆ ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡಳು.

ಇಲಾಖೆಯ ಕಾರ್ಯದರ್ಶಿ ಬರಬೇಕಿತ್ತು, ಅವರ ಬದಲು ಒಬ್ಬ ಅಧಿಕಾರಿ ಬಂದಿದ್ದ. ಮುಖದಲ್ಲಿ ನಿದ್ದೆ, ಕೈಯಲ್ಲಿ ಕಡತ. ಘೋಷಣೆ ಓದಿದರು, ಪೂರಕವಾದ ವಾತಾವರಣದ ಸಾಲು ಬಂದಾಗ ಅಧಿಕಾರಿ ತಲೆದೂಗಿದ, ಅದು ಇಲಾಖೆಗೂ ಬಹಳ ಹಿಂದಿನಿಂದ ಪ್ರಿಯವಾದ ಸಾಲು. ಆಮೇಲೆ ಮೇಡಂ ಮೂರನೆಯ ಅನುಬಂಧ ತೆಗೆದುಕೊಂಡರು. ಅವರ ದನಿ ಚೆನ್ನಾಗಿತ್ತು. ತಗಡಿನ ಕೋಣೆ ಬಂತು, ಬಿಳಿ ಬಟ್ಟೆಗಳ ರಾಶಿ ಬಂತು, ಕುಸಿದದ್ದು ಬಂತು. ಅಕ್ಕ ತಲೆ ತುಸು ಮುಂದೆ ಚಾಚಿ ಕೇಳುತ್ತಿದ್ದಳು. ತನ್ನ ಕೋಣೆಯೇ, ತನ್ನ ಮೇಜೇ, ಹೌದು ಎನ್ನುವಂತೆ ಅವಳ ಗಲ್ಲ ಸಣ್ಣಗೆ ಆಡುತ್ತಿತ್ತು, ತಮ್ಮ ಎಷ್ಟು ಸರಿಯಾಗಿ ಬರೆದಿದ್ದಾನೆ ಎಂಬ ಹೆಮ್ಮೆ ಕಣ್ಣಿನಲ್ಲಿ ಏರುತ್ತಿತ್ತು. ಕರಡುಗಾರ ಮುಂದಿನ ಸಾಲುಗಳನ್ನು ಎಣಿಸಿದ. ನಾಲ್ಕು. ಮೂರು. ಎದ್ದು ಫ್ಯೂಸ್ ಕಿತ್ತರೆ? ಎರಡು. ಹೊಟ್ಟೆನೋವೆಂದು ಕೂಗಿದರೆ? “ಈ ಮಹಿಳೆಗೆ ತನ್ನವರು ಎನ್ನುವವರು ಯಾರೂ ಇಲ್ಲ” ಎಂದು ಮೇಡಂ ಓದಿ, ಅಲ್ಲಿ ನಿಲ್ಲಿಸಿ, ಕನ್ನಡಕ ತೆಗೆದರು. ಆ ವಿರಾಮ ಕರಡಿನಲ್ಲಿ ಇರಲಿಲ್ಲ, ಅವರೇ ಸೇರಿಸಿದ್ದು.

ಅಕ್ಕನ ಗಲ್ಲ ಆಡುವುದು ನಿಂತಿತು. ಅವಳು ಮೇಡಂ ಕೈಯಲ್ಲಿದ್ದ ಕಾಗದವನ್ನು ನೋಡಿದಳು, ಬೇರೆ ಯಾರದೋ ಕಾಗದ ಸೇರಿಕೊಂಡಿರಬಹುದು ಎಂದುಕೊಂಡವಳ ಹಾಗೆ. ಆಮೇಲೆ ಕಂಬಳಿಯ ಅಂಚನ್ನು ಬೆರಳಿನಿಂದ ನೇರ ಮಾಡತೊಡಗಿದಳು. ಇಷ್ಟಕ್ಕೇ ಮುಗಿದಿದ್ದರೆ ಕರಡುಗಾರ ಇದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದ, ಬರೆದದ್ದಷ್ಟೇ ತನ್ನದು, ಓದಿದ್ದು ಬೇರೆಯವರು ಎಂದು. ಆದರೆ ಅಧಿಕಾರಿಗೆ ಅಲ್ಲಿ ಎಚ್ಚರವಾಯಿತು. ದಿಕ್ಕಿಲ್ಲದವರಿಗೆ ಇಲಾಖೆಯದೊಂದು ಯೋಜನೆ ಇತ್ತು, ಅದರ ನಮೂನೆ ಅವನ ಕಡತದಲ್ಲೇ ಇತ್ತು, ವೇದಿಕೆಯ ಮೇಲೇ ಒಬ್ಬರಿಗೆ ಮಂಜೂರು ಮಾಡಿ ಕೈತೊಳೆದುಕೊಂಡು ಹೋದರೆ ಉಳಿದ ಬೇಡಿಕೆಗಳ ಮಾತು ಎತ್ತಬೇಕಾಗಿರಲಿಲ್ಲ. ಅವನು ಪೆನ್ನು ತೆಗೆದು, ಮೈಕನ್ನು ಅಕ್ಕನ ಕಡೆ ತಿರುಗಿಸಿದ. “ನೋಡಮ್ಮ, ನೀನೇ ಬಾಯಿಬಿಟ್ಟು ಹೇಳ್ಬೇಕು. ಗಂಡ?”

“ಹೋಗಿ ಬಹಳ ವರ್ಷ ಆಯ್ತು.”

“ಮಕ್ಕಳು?”

“ಆಗ್ಲಿಲ್ಲ.”

“ಅಣ್ಣ ತಮ್ಮಂದಿರು?”

ಮೈಕಿನಲ್ಲಿ ಅವಳ ಉಸಿರು ಕೇಳಿಸಿತು. ಅವಳು ಆಗ ತಮ್ಮನ ಕಡೆ ನೋಡಿದಳು, ವ್ಯಾನು ಹತ್ತಿದ ಮೇಲೆ ಮೊದಲ ಸಲ. ಆ ನೋಟದಲ್ಲಿ ದೂರು ಇರಲಿಲ್ಲ. ಏನು ಹೇಳಲಿ ಎಂದು ಕೇಳುತ್ತಿದ್ದಳು ಅಷ್ಟೆ, ಬಟ್ಟೆಗೆ ಎಷ್ಟು ಕಾವು ಬೇಕು ಎಂದು ಗಿರಾಕಿಯನ್ನು ಕೇಳುವಷ್ಟೇ ಸಹಜವಾಗಿ. ಅವನು ಎದ್ದು ನಿಂತು ‘ನಾನಿದೀನಿ’ ಎನ್ನಬಹುದಾಗಿತ್ತು. ಎರಡು ಪದವೂ ಅಲ್ಲ, ಒಂದೇ. ಎಂಟು ತಿಂಗಳು ಇಪ್ಪತ್ತೈದು ಸಂಸ್ಥೆಗಳಿಗಾಗಿ ಸಾವಿರಾರು ಪದ ಹೊಸೆದವನು ಆ ಒಂದನ್ನು ಆಡಲಾರದೆ ಕೂತ. ಎಡಕ್ಕೆ ಕಪ್ಪೆ ಡಾಕ್ಟರು ತಲೆ ವಾಲಿಸಿ ಕೇಳುತ್ತಿದ್ದರು. ವೇದಿಕೆಯ ಮೇಲೆ ಮೇಡಂ ಕನ್ನಡಕ ಒರೆಸುತ್ತಿದ್ದರು. ಎದ್ದರೆ ಘೋಷಣೆ ಸುಳ್ಳಾಗುತ್ತದೆ, ಎಂಟು ತಿಂಗಳ ಒಮ್ಮತ ನೆಲ ಕಚ್ಚುತ್ತದೆ, ಸ್ಥಾವರದವರು ನಾಳೆ ಕೈತಟ್ಟಿ ನಗುತ್ತಾರೆ, ಭೂಮಿಗೆ ನಷ್ಟವಾಗುತ್ತದೆ. ಭೂಮಿಯನ್ನು ಹೀಗೆ ಅಡ್ಡ ಹಿಡಿದುಕೊಳ್ಳಬಹುದೆಂದು ಅವನಿಗೆ ಇಲ್ಲಿಯವರೆಗೆ ಹೊಳೆದಿರಲಿಲ್ಲ. ಅವನು ಕಣ್ಣು ತಗ್ಗಿಸಿ ಬೂಟಿನ ದಾರ ನೋಡಿದ.

“ಇಲ್ಲ ಸಾರ್” ಎಂದಳು ಅಕ್ಕ. “ಯಾರೂ ಇಲ್ಲ.”

ಅಧಿಕಾರಿ ಬರೆದುಕೊಂಡ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಎಲ್ಲರೂ ಎದ್ದಾಗ ಕೂತಿರುವುದು ಕಣ್ಣಿಗೆ ಹೊಡೆಯುತ್ತದೆಂದು ಅವನೂ ಎದ್ದು ತಟ್ಟಿದ. ಊಟದ ಹೊತ್ತಿಗೆ ಒಕ್ಕೂಟದಲ್ಲಿ ಹಬ್ಬದ ಕಳೆ ಇತ್ತು. ಮೇಡಂ ಮತ್ತು ಕಪ್ಪೆ ಡಾಕ್ಟರು ಒಂದೇ ಮೇಜಿನಲ್ಲಿ ಕೂತರು, ಡಾಕ್ಟರ ತಟ್ಟೆಗೆ ಮೇಡಂ ತಾವೇ ಬಡಿಸಿದರು. “ಆ ವಾಕ್ಯ ಇತ್ತಲ್ಲ ಕರಡುಗಾರರೇ, ಕರುಳು ಹಿಂಡಿಬಿಡ್ತು” ಎಂದರು ಡಾಕ್ಟರು. “ಒಕ್ಕೂಟಕ್ಕೆ ಕಾಯಂ ಕಾರ್ಯದರ್ಶಿ ಅಂತ ನಿಮ್ಮನ್ನೇ ಮಾಡೋಣ ಅಂತ ಮೇಡಂ ಹೇಳ್ತಿದಾರೆ. ನಂದೇನೂ ಅಭ್ಯಂತರ ಇಲ್ಲ.” ಮೇಡಂ ಕೈ ಒರೆಸಿಕೊಳ್ಳುತ್ತ, “ಆ ಅಮ್ಮನ್ನ ನೀವೇ ಮನೆಗೆ ಬಿಟ್ಟು ಬಂದ್ಬಿಡಿ. ಪಾಪ, ಯಾರಿದಾರೆ ಅವಳಿಗೆ. ನೀವಾದ್ರೆ ನಮಗೆ ಚಿಂತೆ ಇಲ್ಲ” ಎಂದರು.

ವ್ಯಾನಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು, ನಡುವೆ ಮಡಿಸಿದ ಕಂಬಳಿ. ಡ್ರೈವರ್ ಒಕ್ಕೂಟದವನೇ, ಮೇಡಂ ಕಚೇರಿಯವನು, ಕನ್ನಡಿಯಲ್ಲಿ ಆಗಾಗ ನೋಡುತ್ತಿದ್ದ. ಕರಡುಗಾರ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ಬರೆದ, ತಿದ್ದಿದ, ಮತ್ತೆ ಬರೆದ. ಅವಳು ಬೈದರೆ ಚೆನ್ನಾಗಿತ್ತು. ಕಪಾಳಕ್ಕೆ ಎರಡು ಬಿಟ್ಟರೂ ಆಗುತ್ತಿತ್ತು; ಚಿಕ್ಕಂದಿನಲ್ಲಿ ಬಿಡುತ್ತಿದ್ದಳು, ಬಿಟ್ಟು ತಾನೇ ಅಳುತ್ತಿದ್ದಳು. ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಎರಡು ಸಿಗ್ನಲ್ ದಾಟಿದ ಮೇಲೆ ಅವಳು ಡ್ರೈವರಿಗೆ ಕೇಳದಷ್ಟು ಮೆತ್ತಗೆ, ತುಟಿ ಆಡಿಸದೆ, “ನಾನು ಸರಿಯಾಗಿ ಹೇಳಿದ್ನೇನೋ?” ಎಂದಳು.

ಅವನು ಥಟ್ಟನೆ ತಿರುಗಿ ಅವಳ ಮುಖದಲ್ಲಿ ಚುಚ್ಚುಮಾತನ್ನು ಹುಡುಕಿದ. ಅದು ಸಿಕ್ಕಿದ್ದರೆ ಅವನು ಬದುಕುತ್ತಿದ್ದ. ಅಲ್ಲಿ ಅದು ಇರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು, ಹುಬ್ಬು ಗಂಟಿಕ್ಕಿ, ಎಲ್ಲಿ ತಪ್ಪಿಬಿಟ್ಟೆನೋ ಎಂಬ ಆತಂಕದಲ್ಲಿ. “ಮೊದ್ಲೇ ಹೇಳಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ. ಒಂದ್ ಗಳಿಗೆ ತಡ ಆಗೋಯ್ತು. ನಿನ್ ಕೆಲ್ಸಕ್ಕೇನೂ ತೊಂದ್ರೆ ಆಗಲ್ವಲ್ಲ?”

“ಇಲ್ಲ ಅಕ್ಕ” ಎಂದ. ಎಷ್ಟೋ ಹೊತ್ತಿನ ಮೇಲೆ ಬಂದ ಆ ಅಕ್ಕ ಎಂಬ ಮಾತು ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. “ಸರಿಯಾಗೇ ಹೇಳ್ದೆ.”

“ಹಂಗಾದ್ರೆ ಸರಿ ಬಿಡು.”

ಬೀದಿ ಇನ್ನೂ ಅರ್ಧ ಮೈಲಿ ಇರುವಾಗಲೇ ಅವಳು ಡ್ರೈವರಿನ ಭುಜ ತಟ್ಟಿ ನಿಲ್ಲಿಸಿದಳು. “ಮನೆವರೆಗೂ ಬಿಡ್ತೀವಿ ಅಮ್ಮ,” ಎಂದ ಡ್ರೈವರ್, “ಈ ಬಿಸಿಲಲ್ಲಿ ಎಲ್ಲಿ ನಡೀತೀರಿ.” ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಕಂಬಿ ಹಿಡಿದಳು, ಇಳಿಯುವ ಮುಂಚೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಮ್ಮನ ಕಿವಿಯ ಹತ್ತಿರ ಬಾಗಿದಳು. “ನೀನು ಇಳೀಬೇಡ. ನಮ್ ಬೀದೀಲಿ ಎಲ್ರೂ ನಿನ್ನ ಗುರುತು ಹಿಡೀತಾರೆ. ಯಾರಾದ್ರೂ ನಿನ್ ತಮ್ಮ ಬಂದ ಅಂತ ಇವನ ಮುಂದೆ ಅಂದ್ಬಿಟ್ರೆ?” ಎಂದಳು. ಆಮೇಲೆ ನೆಲಕ್ಕಿಳಿದು, ಡ್ರೈವರಿಗೆ ಚೆನ್ನಾಗಿ ಕೇಳುವಂತೆ, “ಬರ್ತೀನಿ ಸಾರ್. ನಿಮ್ಮಿಂದ ಬಹಳ ಉಪಕಾರ ಆಯ್ತು” ಎಂದು ಕೈ ಮುಗಿದಳು.

ಅವನ ಕೈ ತಾನಾಗಿ ಮೇಲೆದ್ದು ಮುಗಿಯಿತು. ವ್ಯಾನು ತಿರುಗುವಷ್ಟು ಹೊತ್ತು ಅವಳು ಕಿಟಕಿಯಲ್ಲಿ ಕಾಣುತ್ತಿದ್ದಳು. ನೆರಳಿಲ್ಲದ ರಸ್ತೆಯ ಅಂಚಿನಲ್ಲಿ ಕಂಕುಳಲ್ಲಿ ಕಂಬಳಿ ಅವುಚಿಕೊಂಡು, ಕುಸಿದುಬಿದ್ದ ದಿನದಂಥದೇ ಬಿಸಿಲಿನಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆಯುತ್ತಿದ್ದಳು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಡ್ರೈವರಿಗೆ ಗೊತ್ತಾಗಿಬಿಡುತ್ತಿತ್ತು.